ಹುಲಿಕಲ್ ಘಾಟಿ ಇಳಿಸೋ ಮುಂಚೆ ಬ್ರೇಕ್ ಅಡ್ಜಸ್ಟರ್ ನೋಡ್ಕೊಳ್ಳಿ

ಹೈಡ್ರಾಲಿಕ್ ಡ್ರಮ್ ಬ್ರೇಕ್ ಗಾಡಿಯವರು ಗಮನಿಸಿ. ಡ್ರಮ್ಮಿಗೆ ಒತ್ತೋ ಬ್ರೇಕ್ ಶೂ ಮೇಲಿನ ಲೈನರ್ ಸವೆದು ಶೂ ಜಾಸ್ತಿ ದೂರ ಸರಿಯೋಕೆ ಶುರುವಾದಾಗ, ಅಡ್ಜಸ್ಟರ್‌ನ ಲಿವರ್ ಅದರ ಸ್ಟಾರ್ ವೀಲನ್ನು (ಹಲ್ಲಿರೋ ಪುಟ್ಟ ಚಕ್ರ) ಒಂದು ಹಲ್ಲು ತಿರುಗಿಸಿ ಶೂಗೂ ಡ್ರಮ್ಮಿಗೂ ನಡುವಿನ ಗ್ಯಾಪ್ ಕಡಿಮೆ ಮಾಡುತ್ತೆ. ಹಲವು ಮಾದರಿಗಳಲ್ಲಿ ಇದು ನಡೆಯೋದು ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ ಮಾತ್ರ. ನಮ್ಮ ಮಳೆಗಾಲದ ಕೆಸರುನೀರು ಒಳಗೆ ಹೋಗಿ ಸ್ಟಾರ್ ವೀಲ್ ತುಕ್ಕು ಹಿಡಿದ್ರೆ ಅದು ತಿರುಗೋದೇ ಇಲ್ಲ, ಪೆಡಲ್ ದಿನೇ ದಿನೇ ಕೆಳಗಿಳಿಯುತ್ತೆ. ಎರಡು ಸಲ ಪಂಪ್ ಮಾಡಿದ್ರೆ ಪೆಡಲ್ ಮೇಲೆ ಬಂತಾ? ಮೊದಲು ಅಡ್ಜಸ್ಟರ್ ನೋಡಿ. ಡ್ರಮ್ ಬಿಚ್ಚಿ, ಥ್ರೆಡ್ಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿ. ಲೈನರ್‌ಗೆ ಒಂಚೂರೂ ತಾಗಬಾರದು. ಎಡ ಚಕ್ರದ ಅಡ್ಜಸ್ಟರನ್ನು ಬಲಕ್ಕೆ ಹಾಕಲೇಬೇಡಿ, ಥ್ರೆಡ್ ಉಲ್ಟಾ ಇರೋದ್ರಿಂದ ಗ್ಯಾಪ್ ಹೆಚ್ಚುತ್ತಾ ಹೋಗುತ್ತೆ. ಘಾಟಿ ಇಳಿದ ತಕ್ಷಣ ಡ್ರಮ್ ಕಾದಿರುವಾಗ ಅಡ್ಜಸ್ಟರನ್ನು ಕೈಯಲ್ಲಿ ಟೈಟ್ ಮಾಡೋದೂ ಬೇಡ. ಆರಿದ ಮೇಲೆ ಡ್ರಮ್ ಕುಗ್ಗಿ ಬ್ರೇಕ್ ಕಚ್ಚಿಕೊಳ್ಳುತ್ತೆ.