ಕೋಲಾರದಲ್ಲಿ ಲಾಡ್ಜ್ ಹಿಡಿಯುವುದು ಹೇಗೆ? ಮೊದಲು ನಲ್ಲಿ ತಿರುಗಿಸಿ

ಬೆಂಗಳೂರಿಗೆ ಇಷ್ಟು ಹತ್ತಿರದ ಊರಲ್ಲಿ ರಾತ್ರಿ ಉಳಿಯೋದು ಯಾಕೆ ಅಂತ ಕೇಳುವವರೇ ಜಾಸ್ತಿ. ಹಾಗೆ ಕೇಳಿದವರು ಬಿಸಿಲೇರಿದ ಮೇಲೆ ಬರುತ್ತಾರೆ. ಕೋಲಾರಮ್ಮನಿಗೆ ಕೈಮುಗಿದು, ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪವನ್ನು ಓಡುತ್ತಲೇ ನೋಡುತ್ತಾರೆ. ಮುಳಬಾಗಿಲಿನ ಹತ್ತಿರದ ಆವನಿ, ಕುರುಡುಮಲೆ ದೇವಸ್ಥಾನಗಳು ಹಾಗೇ ಉಳಿಯುತ್ತವೆ. ಒಂದು ರಾತ್ರಿ ಉಳಿದರೆ ಎಲ್ಲವೂ ಆರಾಮಾಗಿ ಆಗುತ್ತದೆ. ನಮ್ಮ ನೆಂಟರಿಗೆ ರೂಮು ನೋಡಿಕೊಟ್ಟು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪಂಚಾಂಗ ನೋಡಿ. ಮದುವೆ ಮುಹೂರ್ತದ ದಿನ ರೂಮುಗಳೆಲ್ಲ ಗಂಡಿನ ಕಡೆಯವರಿಗೆ ಹೋಗಿರುತ್ತವೆ.

ಜಾಗ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಸಾಕು. ಕೋಲಾರಮ್ಮ, ಸೋಮೇಶ್ವರ ಎರಡೂ ಊರೊಳಗೇ ಇವೆ. ಹೆದ್ದಾರಿ ಬದಿಯ ಹೊಸ ಕಟ್ಟಡಗಳು ನೋಡಲು ಚೆಂದ, ರಾತ್ರಿಯಿಡೀ ಲಾರಿ ಹಾರ್ನ್. ಕೆಳಗೆ ಬಾರ್ ಇದ್ದರೆ ಮೆಟ್ಟಿಲನ್ನೇ ಹತ್ತಬೇಡಿ.

ಜನ ಎಡವುವುದು ಇದರ ನಂತರ. ಸುಸ್ತಾಗಿ ಬಂದವರು ಕೌಂಟರಿನಲ್ಲೇ ದುಡ್ಡು ಕೊಟ್ಟು, ಲೆಡ್ಜರಿನಲ್ಲಿ ಸಹಿ ಹಾಕಿ, ಆಮೇಲೆ ರೂಮು ನೋಡುತ್ತಾರೆ. ಹಾಗೆ ಮಾಡಬೇಡಿ. "ರೂಮು ನೋಡಿ ಹೇಳ್ತೀನಿ" ಅನ್ನಿ. ಬ್ಯಾಗು ಕೆಳಗೇ ಇರಲಿ. ಮೇಲೆ ಹೊತ್ತುಕೊಂಡು ಹೋದರೆ ಅರ್ಧ ಒಪ್ಪಿಕೊಂಡ ಹಾಗೆ. ಒಳಗೆ ಹೋದವರೇ ಸೀದಾ ಬಾತ್‌ರೂಮಿಗೆ ನಡೆಯಿರಿ. ನಲ್ಲಿ ತಿರುಗಿಸಿ ಒಂದು ನಿಮಿಷ ಬಿಡಿ. ನೀರು ಮೋರಿಯಲ್ಲಿ ಇಳಿಯದೆ ನಿಂತರೆ ಬೇರೆ ರೂಮು ಕೇಳಿ. ಫ್ಲಶ್ ಒತ್ತಿ. ಬಿಸಿನೀರು ಗೀಸರಿನದಾ, ಸೋಲಾರಿನದಾ ಕೇಳಿ. ಸೋಲಾರ್ ಆದರೆ ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತಲೂ ಕೇಳಿ. ಟ್ಯಾಂಕು ತಾರಸಿಯ ಮೇಲಿರುತ್ತದೆ. ಕೆಳಗಿನ ರೂಮಿನವರು ಎರಡು ಮೂರು ಬಕೆಟ್ ತಣ್ಣೀರು ಚೆಲ್ಲಿದ ಮೇಲೆಯೇ ಬಿಸಿ ಕಾಣುವುದು. ನಮ್ಮ ಚಿಕ್ಕಪ್ಪ ಇದನ್ನು ಕೇಳದೆ ಡಿಸೆಂಬರಿನಲ್ಲಿ ಕಾಗೆ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದರು. ತೀರಾ ಮೇಲಿನ ಮಹಡಿಯೂ ಬೇಡ, ಬೇಸಿಗೆಯಲ್ಲಿ ಸ್ಲ್ಯಾಬ್ ಕಾದಿರುತ್ತದೆ. ಅದರ ಕೆಳಗಿನ ಮಹಡಿ, ಹಿಂಬದಿಯ ರೂಮು ಕೇಳಿ. ಇದರಲ್ಲಿ ನನಗೆ ರಾಜಿಯೇ ಇಲ್ಲ.

ಆಮೇಲೆ ಹಾಸಿಗೆ. ದಿಂಬಿನ ಕವರು ತೆಗೆದು ಮೂಸಿ, ನಾಚಿಕೆ ಬೇಡ. ಕಿಟಕಿಯ ಸೊಳ್ಳೆ ಜಾಲರಿ, ಬಾಗಿಲಿನ ಒಳಚಿಲಕ ನೋಡಿ. ರೂಮ್ ಫ್ರೆಶ್ನರ್ ಘಮ್ಮೆಂದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ. 'ಡೀಲಕ್ಸ್' ಎಂಬ ಬೋರ್ಡಿಗೆ ಮರುಳಾಗಬೇಡಿ. ಎಷ್ಟೋ ಕಡೆ ಅದು ದೊಡ್ಡ ಟಿವಿ ಅಷ್ಟೇ. ಮೊಬೈಲ್ ಆ್ಯಪಿನ ಫೋಟೋಗಳಲ್ಲಿ ಬಾತ್‌ರೂಮಿನ ಮೂಲೆ ಯಾವತ್ತೂ ಕಾಣುವುದಿಲ್ಲ, ಗಮನಿಸಿದ್ದೀರಾ?

ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ, ರಸೀದಿ ಪಡೆಯಿರಿ. ಆಧಾರ್ ಕಾರ್ಡ್ ತೋರಿಸಿ ಸಾಕು, ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಜೆರಾಕ್ಸ್ ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಚೆಕ್ಔಟ್ ಮಧ್ಯಾಹ್ನ 12ಕ್ಕಾ, ಇಲ್ಲ 24 ಗಂಟೆಯ ಲೆಕ್ಕವಾ? 24 ಗಂಟೆಯದೇ ಹುಡುಕಿ. ಸಂಜೆ 5ಕ್ಕೆ ರೂಮು ಹಿಡಿದರೆ ಮರುದಿನ ಬೆಳಿಗ್ಗೆ ಬೇಗ ಕೋಲಾರಮ್ಮ, ಸೋಮೇಶ್ವರ ಮುಗಿಸಿ, ಮುಳಬಾಗಿಲಿನ ಬಸ್ ಹತ್ತಬಹುದು. ಅಲ್ಲಿಂದ ಆಟೋ ಮಾತಾಡಿಕೊಂಡು ಮೊದಲು ಕುರುಡುಮಲೆಯ ದೊಡ್ಡ ಗಣಪ, ಆಮೇಲೆ ಆವನಿಯ ರಾಮಲಿಂಗೇಶ್ವರ. ಆವನಿ ಬೆಟ್ಟ ಹತ್ತಿ ಬೆವರಿದವರು 4ರ ಹೊತ್ತಿಗೆ ವಾಪಸ್ ಬಂದು, ಅದೇ ರೂಮಿನಲ್ಲಿ ಮುಖ ತೊಳೆದು, ಬೀಗದ ಕೈ ಕೊಟ್ಟು ಹೊರಡಬಹುದು.