ಬೀದಿಗೆ ನೀರು ಬಂತಾ? ದೂರು ಬರೆಯುವ ಮುಂಚೆ ಸಮುದ್ರದ ಹೊತ್ತು ನೋಡಿ

ಕಡಲ ಪಕ್ಕದ ನಗರದಲ್ಲಿ ಬೀದಿಗೆ ನೀರು ಬಂದರೆ ನಾವು ಮೊದಲು ಬೈಯುವುದು ಚರಂಡಿಯನ್ನು, ಆಮೇಲೆ ಪಾಲಿಕೆಯನ್ನು. ನಾನೂ ಹಾಗೇ ಮಾಡಿದ್ದೆ. ಮೊಣಕಾಲುದ್ದ ನೀರಿನ ನಲವತ್ತು ಫೋಟೋ ಹಿಡಿದುಕೊಂಡು ಕಚೇರಿಗೆ ಹೋದೆ. ಎಂಜಿನಿಯರ್ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಆಗ ಸಮುದ್ರದಲ್ಲಿ ಉಬ್ಬರ ಇತ್ತಾ, ಇಳಿತ ಇತ್ತಾ?’

ನನಗೆ ಗೊತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ಫೋನಿಂದ ಫೋನಿಗೆ ದಾಟಿ ಬಂದ ಫೋಟೋಗಳಲ್ಲಿ ತೆಗೆದ ಸಮಯವೂ ಉಳಿದಿರಲಿಲ್ಲ. ಸುಮ್ನೆ ವಾಪಸ್ ಬಂದೆ.

ಆ ಪ್ರಶ್ನೆ ತಪ್ಪಿಸಿಕೊಳ್ಳುವ ಮಾತಾಗಿರಲಿಲ್ಲ. ನೋಡಲು ಒಂದೇ ಥರ ಕಾಣುವ ನೀರಿಗೆ ಬೇರೆ ಬೇರೆ ಕಾರಣ ಇರುತ್ತದೆ. ಹೂಳು ತುಂಬಿದ್ದರೆ ಹೂಳೆತ್ತಬೇಕು. ಸಮುದ್ರವೇ ಕೊಳವೆಯೊಳಗೆ ನುಗ್ಗಿ ಬರುತ್ತಿದ್ದರೆ ಎಷ್ಟು ಹೂಳೆತ್ತಿದರೂ ಪ್ರಯೋಜನವಿಲ್ಲ, ದಾರಿ ಇನ್ನಷ್ಟು ಸಲೀಸಾಗುತ್ತದೆ ಅಷ್ಟೆ.

ಮೊದಲು ವೇಳಾಪಟ್ಟಿ

ನಿಮ್ಮ ಹತ್ತಿರದ ಬಂದರಿನ ಉಬ್ಬರ-ಇಳಿತದ ಪಟ್ಟಿ ಹುಡುಕಿ. ಬಹುತೇಕ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ. ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಬಂದ ಉಬ್ಬರ ನಾಳೆ ಹತ್ತು ಐವತ್ತರ ಆಸುಪಾಸಿನಲ್ಲಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಉಬ್ಬರ ಜಾಸ್ತಿ. ಅದೇ ದಿನವೇ ಅಂತಲ್ಲ, ಒಂದೆರಡು ದಿನ ಕಳೆದ ಮೇಲೂ ಅತಿ ಎತ್ತರದ ಉಬ್ಬರ ಬರಬಹುದು. ಅಷ್ಟಮಿ ಸುತ್ತಮುತ್ತ ಕಡಿಮೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಪಟ್ಟಿಯಲ್ಲಿ 1.6 ಮೀಟರ್ ಅಂತ ಇದ್ದರೆ ಅದು ನಿಮ್ಮ ರಸ್ತೆಯಿಂದ ಅಳೆದ ಎತ್ತರ ಅಲ್ಲ. ನೌಕಾ ನಕ್ಷೆಗಳಿಗಾಗಿ ಗೊತ್ತುಮಾಡಿದ, ಬಹಳ ಕೆಳಗಿನ ಒಂದು ಇಳಿತದ ಮಟ್ಟದಿಂದ ಅಳೆದದ್ದು. ಜೊತೆಗೆ ಅದು ಚಂದ್ರ-ಸೂರ್ಯರ ಲೆಕ್ಕ ಮಾತ್ರ. ಗಾಳಿ ಕಡಲ ಕಡೆಯಿಂದ ಬೀಸಿದರೆ ನೀರು ಇನ್ನೂ ಏರುತ್ತದೆ. ವಾಯುಭಾರ ಕುಸಿದರೂ ಅಷ್ಟೇ, ಒಂದು ಹೆಕ್ಟೋಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ.

ಹಾಗಾದರೆ ಪಟ್ಟಿಯಿಂದ ಏನು ಉಪಯೋಗ? ನಿಮ್ಮ ಬೀದಿಯ ಅಂಕಿ ಹುಡುಕುವುದಕ್ಕೆ. ಪಟ್ಟಿಯಲ್ಲಿ ಎಷ್ಟು ದಾಟಿದ ದಿನ ನಿಮ್ಮ ಚರಂಡಿ ತುಂಬಿ ಬರುತ್ತದೆ ಅಂತ ನಾಲ್ಕಾರು ಸಲ ಬರೆದಿಟ್ಟರೆ ಅದು ಸಿಕ್ಕಿಬಿಡುತ್ತದೆ. ಇಟಲಿಯ ವೆನಿಸ್ ನಗರದವರು ಇಂಥ ಅಂಕಿಗಳ ಜೊತೆಗೇ ಬದುಕಿದವರು. ಅಲ್ಲಿನ ಅಳತೆಗೋಲಿನಲ್ಲಿ ಸುಮಾರು 80 ಸೆಂಟಿಮೀಟರ್ ಆದರೆ ಸೇಂಟ್ ಮಾರ್ಕ್ಸ್ ಚೌಕಕ್ಕೆ ನೀರು. 110 ಆಗುವ ಮುನ್ಸೂಚನೆ ಇದ್ದರೆ ಊರಿಗೆಲ್ಲ ಸೈರನ್ ಕೂಗುತ್ತಿತ್ತು. 2019ರ ನವೆಂಬರ್ 12ರಂದು ಅದು 187ಕ್ಕೆ ಮುಟ್ಟಿತ್ತು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಕಡಲ ನೀರು ನುಗ್ಗದಂತೆ ತಡೆಯಲು ಏಳುವ ಗೇಟುಗಳು ಮೊದಲ ಸಲ ಕೆಲಸ ಮಾಡಿದವು. ನಮಗೆ ಗೇಟು ಬರುತ್ತದೋ ಇಲ್ಲವೋ, ಅಂಕಿ ಇಟ್ಟುಕೊಳ್ಳಲು ಖರ್ಚಿಲ್ಲ ಅಲ್ವಾ?

ನೀರು ಯಾವ ಜಾತಿಯದು?

ಗೋಡೆಯ ಮೇಲೋ ಕಂಬದ ಮೇಲೋ ಬಣ್ಣದಿಂದ ಗೆರೆ ಎಳೆದು ಸೆಂಟಿಮೀಟರ್ ಗುರುತು ಹಾಕಿ. ಕಂಬ ಪಾಲಿಕೆಯದ್ದಾದರೆ ಕೇಳಿಕೊಂಡೇ ಹಾಕಿ. ನೀರು ಬಂದಾಗ ಹದಿನೈದು ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಳ್ಳಿ. ಏರಿದ್ದಕ್ಕಿಂತ ಇಳಿದದ್ದನ್ನು ಬರೆಯುವುದು ಮುಖ್ಯ. ಜನ ಅದನ್ನೇ ಮರೆಯುತ್ತಾರೆ. ನೀರು ಇಳಿಯಲು ಶುರುವಾದರೆ ಎಲ್ಲರೂ ಮನೆ ತೊಳೆಯಲು ಹೋಗಿರುತ್ತಾರೆ.

ಮಳೆಯೇ ಇಲ್ಲದೆ, ದೊಡ್ಡ ಉಬ್ಬರದ ಹೊತ್ತಿಗೆ ಚರಂಡಿಯ ಜಾಲರಿಯಿಂದ ನೀರು ಉಕ್ಕಿದರೆ ಅದು ಸಮುದ್ರ. ಮಳೆ ಬಂದಾಗ ತುಂಬಿ, ಮಳೆ ನಿಂತರೂ ಇಳಿಯದೆ, ಉಬ್ಬರ ಇಳಿದ ಮೇಲಷ್ಟೇ ಸರ್ರನೆ ಹರಿದುಹೋದರೆ ಚರಂಡಿಯ ಬಾಯಿಗೆ ಸಮುದ್ರ ಅಡ್ಡ ನಿಂತಿತ್ತು ಅಂತ ಅರ್ಥ. ಪೂರ್ತಿ ಇಳಿತದ ಹೊತ್ತಿನ ಮಳೆಗೂ ತುಂಬಿದರೆ ಕಡಲಿನ ಮೇಲೆ ತಪ್ಪು ಹೊರಿಸಬೇಡಿ; ಚರಂಡಿ ಕಟ್ಟಿಕೊಂಡಿದೆ, ಇಲ್ಲವೇ ಚಿಕ್ಕದು. ಯಾವ ಹೊತ್ತಿಗೂ ಕದಲದೆ ನಾರುತ್ತಿದ್ದರೆ ಒಳಚರಂಡಿ.

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ಮಳೆಯನ್ನು ಯಾವ ಚರಂಡಿಯೂ ತಡೆಯದು, ನಿಜ. ಆದರೆ ಅದೇ ಮಧ್ಯಾಹ್ನ ಸಮುದ್ರವೂ ಉಬ್ಬಿತ್ತು. ನೀರಿಗೆ ಹೊರಗೆ ಹೋಗಲು ಬಾಗಿಲೇ ಇರಲಿಲ್ಲ.

ಉಪ್ಪು ನೀರೋ ಸಿಹಿ ನೀರೋ ಅನುಮಾನವಿದ್ದರೆ ದಯವಿಟ್ಟು ನಾಲಿಗೆಗೆ ಹಚ್ಚಿ ನೋಡಬೇಡಿ. ಬೀದಿ ನೀರಿನಲ್ಲಿ ಏನೇನು ಬೆರೆತಿರುತ್ತದೋ. ಕುಡಿಯುವ ನೀರು ಪರೀಕ್ಷಿಸುವ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಸಾಕು. ಮಳೆ ನೀರಿಗೆ ಅಂಕಿ ತೀರಾ ಕಡಿಮೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮನೆಬಳಕೆಯ ಮೀಟರ್ ಕೈಚೆಲ್ಲಿಬಿಡುತ್ತದೆ.

ಚರಂಡಿಯ ಬಾಯಿ ತನಕ ನಡೆಯಿರಿ

ಒಂದು ದಿನ ಇಳಿತದ ಹೊತ್ತಿಗೆ, ನಾಲ್ಕು ಜನ ಸೇರಿ, ನಿಮ್ಮ ಬೀದಿಯ ನೀರು ಕಡಲಿಗೋ ಹೊಳೆಗೋ ಬೀಳುವ ಜಾಗದವರೆಗೆ ಹೋಗಿ ನೋಡಿ. ಅಲ್ಲಿ ಮೇಲಿನಿಂದ ತೂಗುಬಿಟ್ಟ ಮುಚ್ಚಳದಂಥ ಬಾಗಿಲು ಇರಬಹುದು. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಸಮುದ್ರ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೂ ಅದು ಅರೆತೆರೆದೇ ನಿಲ್ಲುತ್ತದೆ. ಎಷ್ಟೋ ಬಾರಿ ಇಡೀ ಬೀದಿಯ ಗೋಳು ಅಷ್ಟರಲ್ಲೇ ಇರುತ್ತದೆ. ಬಾಗಿಲೇ ಇಲ್ಲದಿದ್ದರೆ ಅದನ್ನೂ ಬರೆದುಕೊಳ್ಳಿ. ಕೊಳವೆಯೊಳಗೆ ಮಾತ್ರ ಇಳಿಯಬೇಡಿ, ವಿಷಗಾಳಿ ಇರುತ್ತದೆ.

ಇನ್ನು ಅರ್ಜಿ

ಒಂದೇ ಪುಟ ಸಾಕು. ತಾರೀಖು, ಗಂಟೆ, ನೀರಿನ ಮಟ್ಟ, ಆ ಹೊತ್ತಿನ ಉಬ್ಬರ, ಮಳೆ ಇತ್ತೋ ಇಲ್ಲವೋ ಅನ್ನುವ ಐದು ಕಲಂಗಳ ಪಟ್ಟಿ. ಕೆಳಗೆ ಕೇಳಿಕೆ ಒಂದೇ ಇರಲಿ: ‘ಚರಂಡಿಯ ಬಾಯಿಯ ಮುಚ್ಚಳ ಸರಿಪಡಿಸಿ’ ಅಥವಾ ‘ಉಬ್ಬರದ ಹೊತ್ತಿಗೆ ಪಂಪ್ ಇಡಿ’. ‘ಶಾಶ್ವತ ಪರಿಹಾರ ಕೊಡಿ’ ಅಂತ ಬರೆದರೆ ಕಡತ ಶಾಶ್ವತವಾಗಿ ಅಲ್ಲೇ ಮಲಗುತ್ತದೆ.

ಕೊಡುವ ಮುಂಚೆ ವಿಚಾರಿಸಿ: ಈ ಚರಂಡಿ ಯಾರದು, ಇದರ ಬಾಯಿ ಯಾರದು? ರಸ್ತೆ ಒಬ್ಬರದ್ದು, ಒಳಚರಂಡಿ ಇನ್ನೊಬ್ಬರದ್ದು, ದಡ ಬಂದರಿನವರದ್ದು ಆಗಿರಬಹುದು. ಎಲ್ಲರಿಗೂ ಪ್ರತಿ ಕೊಡಿ, ಪ್ರತಿಯೊಂದರಲ್ಲೂ ಬೇರೆ ಯಾರಿಗೆ ಕೊಟ್ಟಿದ್ದೀರಿ ಅಂತ ಬರೆಯಿರಿ. ಸ್ವೀಕೃತಿಯ ಸಂಖ್ಯೆ, ತಾರೀಖು, ಮೊಹರು ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಬಜೆಟ್ ತಯಾರಾಗುವ ಮುಂಚೆ ಕೊಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಹೋದರೆ ದುಡ್ಡಿಲ್ಲ ಅನ್ನುವ ಮಾತು ತಪ್ಪುವುದಿಲ್ಲ.

‘ರಸ್ತೆ ಎತ್ತರಿಸಿ’ ಅಂತ ಕೇಳುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಮಟ್ಟಿಗೆ ಅದು ಕಡೆಯ ಮಾತು. ರಸ್ತೆ ಎತ್ತರವಾದರೆ ನೀರು ಮಾಯವಾಗುವುದಿಲ್ಲ, ತಗ್ಗಿನಲ್ಲಿರುವವರ ಅಂಗಳಕ್ಕೆ ಹೋಗುತ್ತದೆ. ಅರ್ಜಿಗೆ ಸಹಿ ಹಾಕಿಸುವಾಗ ಆ ತಗ್ಗಿನ ಮನೆಯಿಂದಲೇ ಶುರು ಮಾಡಿ.

ಕೆಲಸ ಆಯಿತು ಅಂದುಕೊಳ್ಳಿ. ಗೋಡೆಯ ಗೆರೆ ಅಳಿಸಬೇಡಿ. ಮುಂದಿನ ಎರಡು ಅಮಾವಾಸ್ಯೆ, ಎರಡು ಹುಣ್ಣಿಮೆ ನೋಡಿ, ಮಟ್ಟ ಬರೆದು, ಅದೇ ಸ್ವೀಕೃತಿ ಸಂಖ್ಯೆ ಹಾಕಿ ಕಚೇರಿಗೆ ಕಳಿಸಿ. ನೀರು ಬರದ ದಿನದ ಸೊನ್ನೆಯನ್ನೂ ಬರೆಯಿರಿ.