ದೂರದಿಂದ ಬರುವ ಕೊಯ್ಲಿನ ತಂಡ: ಹೊಲದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಕೊಯ್ಲಿಗೆ ದೂರದ ತಂಡ ಕರೆಸಿದರೆ ಕೂಲಿ ಕೊಟ್ಟು ಸುಮ್ಮನಿರುವಂತಿಲ್ಲ. ಕೆಲಸ ಮುಗಿಯುವ ತನಕ ನಿಮ್ಮ ಹೊಲವೇ ಅವರ ಮನೆ.

ಮೊದಲು ಮಾತುಕತೆ. ತಂಡ ಊರು ಬಿಡುವ ಮುಂಚೆಯೇ ಇದು ಮುಗಿಯಬೇಕು. ದಿನಗೂಲಿಯೋ ಗುತ್ತಿಗೆಯೋ, ಹೋಗಿಬರುವ ಖರ್ಚು ಯಾರದು, ಮುಂಗಡ ಹೇಗೆ ಮುರಿದುಕೊಳ್ಳುವುದು, ಎಲ್ಲ ಬರೆದಿಡಿ. ಬಹಳಷ್ಟು ಮಂದಿ ಮರೆಯುವುದು ಮಳೆ ದಿನದ ಲೆಕ್ಕ. ಕೆಲಸ ನಿಂತ ದಿನ ಪೂರ್ತಿ ಕೂಲಿಯೋ, ಅರ್ಧವೋ, ಏನೂ ಇಲ್ಲವೋ? ಜಗಳ ಹೆಚ್ಚಾಗಿ ಇಲ್ಲೇ ಹುಟ್ಟುತ್ತದೆ. ನನ್ನ ಕೇಳಿದರೆ ಊಟದ ಖರ್ಚನ್ನಾದರೂ ಕೊಡಿ. ಅವರು ಕಾದು ಕೂತಿರುವುದು ನಿಮ್ಮ ಪೈರು ಒಣಗಲಿ ಎಂದೇ ಅಲ್ವಾ? ಮಾತು ಮೇಸ್ತ್ರಿ ಜೊತೆ ಆದರೂ ಹಣ ಒಬ್ಬೊಬ್ಬರ ಕೈಗೇ ಸೇರಲಿ. ಹಾಜರಿಯನ್ನು ದಿನಾ ಸಂಜೆ ಅವರೆದುರೇ ಬರೆಯಿರಿ.

ಇನ್ನು ವಸತಿ. ನೆರವಿನ ಶಿಬಿರಗಳಿಗೆ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಒಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ. ಅದು ಆಪತ್ತಿನ ಕಾಲದ ಕನಿಷ್ಠ. ನೀವೇ ಕರೆಸಿದವರಿಗೆ ಅದಕ್ಕಿಂತ ಜಾಸ್ತಿಯೇ ಕೊಡಬೇಕು. ಹೆಂಗಸರಿಗೆ ಬೇರೆ ಶೌಚಾಲಯ, ಒಳಗೊಂದು ಚಿಲಕ, ದಾರಿಗೆ ಬೆಳಕು ಇರಲಿ. ಶೌಚದ ಗುಂಡಿಯು ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ. ಕೀಟನಾಶಕ ಇಟ್ಟ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಅದರ ಖಾಲಿ ಕ್ಯಾನಿಗೆ ತೂತು ಹೊಡೆದುಬಿಡಿ, ಇಲ್ಲದಿದ್ದರೆ ಯಾರಾದರೂ ನೀರು ತುಂಬಿಸಿಯಾರು. ಚಳಿಯೆಂದು ಮುಚ್ಚಿದ ಕೋಣೆಯೊಳಗೆ ಇದ್ದಿಲು ಕೆಂಡ ಇಡಲು ಬಿಡಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು.

ಬಂದ ದಿನ ಕುಡಿಯುವ ನೀರು, ಔಷಧಿ ಡಬ್ಬಿ ತೋರಿಸಿ. ರಾತ್ರಿ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕೆಂದು ಹೇಳಿ. ಯಾವ ತಾಕಿಗೆ ಕೀಟನಾಶಕ ಹೊಡೆದಿದೆ, ಎಷ್ಟು ದಿನ ಇಳಿಯಬಾರದು ಎನ್ನುವುದನ್ನೂ ತಿಳಿಸಿ. ಆ ಅವಧಿ ಸಾಮಾನ್ಯವಾಗಿ ಕೀಟನಾಶಕದ ಡಬ್ಬಿಯ ಚೀಟಿಯಲ್ಲೇ ಇರುತ್ತದೆ.

ಬಿಸಿಲು ಜೋರಿದ್ದರೆ ಮೊದಲ ದಿನವೇ ಪೂರ್ತಿ ದುಡಿಸಬೇಡಿ. ಹೊಸ ಹವೆಗೆ ಮೈ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವಂತಿರಲಿ. ಅಂದರೆ ಬಿಂದಿಗೆ ಸಾಲಿನ ಹತ್ತಿರವೇ ಇರಬೇಕು, ಮನೆ ಜಗುಲಿಯಲ್ಲಲ್ಲ. ಮಕ್ಕಳು ಜೊತೆಗಿದ್ದರೆ ನೆರಳು ಮಾಡಿಕೊಟ್ಟು, ನೋಡಿಕೊಳ್ಳಲು ಒಬ್ಬರನ್ನು ಬಿಡಿ. ಆ ಒಬ್ಬರ ಕೂಲಿಯೂ ನಿಮ್ಮದೇ.

ಕೊನೆಯ ಲೆಕ್ಕ ಹೊರಡುವ ಹಿಂದಿನ ಸಂಜೆಯೇ ಮುಗಿಯಲಿ. ವ್ಯತ್ಯಾಸ ಬಂದರೆ ಪುಸ್ತಕ ತೆಗೆದು ಕೂರಲು ಆಗ ಒಂದು ರಾತ್ರಿ ಸಿಗುತ್ತದೆ. ಮುಂದಿನ ಕೊಯ್ಲಿಗೆ ಬರುತ್ತೀರಾ ಎಂದು ಕೇಳುವುದನ್ನು ಹಣ ಕೊಟ್ಟ ಮೇಲೆ ಇಟ್ಟುಕೊಳ್ಳಿ, ಮುಂಚೆ ಬೇಡ.